ಎಳ್ಳ ಅಮಾವಾಸ್ಯೆಯ ದಿನದ ಎಣಿಕೆ

ಸರಸಂಬಾ ಊರಿನ ಗಾಯರಾಣದಲ್ಲಿ ಚಿಗರಿಗಳನ್ನು, ಅಂದರೆ ಕೃಷ್ಣಮೃಗಗಳನ್ನು, ನಾನು ಎಣಿಸಬಾರದ ದಿನ ಎಣಿಸಿದೆ. ಅದು ಎಣಿಸಬಾರದ ದಿನವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ದಿನವನ್ನು ಆರಿಸಿಕೊಂಡೆ. ಆಮೇಲೆ ಒಬ್ಬ ಹೆಣ್ಣುಮಗಳು ಊರ ಮಂದಿಯ ಮುಂದೆ ಎದ್ದು ನಿಂತು, ಯಾವತ್ತು ಎಣಿಸಿದಿರಿ ಎಂದು ನೇರವಾಗಿ ಕೇಳಿದಾಗ ಉತ್ತರ ಕೊಡಲಿಲ್ಲ. ಅವರನ್ನೇ ನಗೆಪಾಟಲು ಮಾಡಿ ಕೂರಿಸಿದೆ.

ಬರೆದು ನೋಡಿದರೆ ನಾಲ್ಕೈದು ಸಾಲಿನ ಮಾತು. ಇದನ್ನು ಬರೆಯಲು ಹನ್ನೊಂದು ವರ್ಷ ಬೇಕಾಯಿತು — ಅದೂ ಈಗ ಬರೆಯದೆ ಗತಿಯಿಲ್ಲ ಎಂದಾದ ಮೇಲೆ.

ಎಣಿಕೆಯಲ್ಲಿ ಮಾತ್ರ ಒಂದು ಚಿಗರಿಯ ವ್ಯತ್ಯಾಸವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಒಪ್ಪಿಕೊಳ್ಳಲು ಕುಳಿತವನು ಇಂಥ ಜಂಭ ಕೊಚ್ಚಬಾರದು, ಗೊತ್ತು. ಆದರೆ ನನ್ನ ಸ್ವಭಾವವೇ ಹಾಗೆ, ಮತ್ತು ಆ ಸ್ವಭಾವವನ್ನು ಮುಚ್ಚಿಟ್ಟು ಬರೆದರೆ ಇದೂ ಇನ್ನೊಂದು ಸುಳ್ಳು ವರದಿಯಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ — ಈ ಮೂರು ತಾಲ್ಲೂಕುಗಳಲ್ಲಿ ಓಡುತ್ತಿರುವ ಚಿಗರಿ ಹಿಂಡನ್ನು ನನ್ನಷ್ಟು ಸರಿಯಾಗಿ ಎಣಿಸುವವರು ಇರಲಿಲ್ಲ. ಒಬ್ಬರನ್ನು ಬಿಟ್ಟು. ಅವರ ಮಾತು ಮುಂದೆ ಬರುತ್ತದೆ.

ನಾನು ಅರಣ್ಯ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು ಉಪ ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತನಾದವನು. ಹುಟ್ಟಿದ್ದು ಭೀಮೆಯ ದಂಡೆಯ ಮಣ್ಣೂರಿನಲ್ಲಿ, ಈಗ ಇರುವುದು ಆಳಂದದಲ್ಲಿ. ನಮ್ಮ ಸೀಮೆಯಲ್ಲಿ ಅರಣ್ಯ ಇಲಾಖೆಗೆ ಏನು ಕೆಲಸ ಎಂದು ನಗುವವರು ಬಹಳ. ಮದುವೆ ಮನೆಗಳಲ್ಲಿ ನೆಂಟರು ಬೇಕೆಂದೇ ಕೆಣಕುತ್ತಿದ್ದರು: "ಅಲ್ರಿ, ನಿಮ್ಮ ಅಡವಿ ಎಲ್ಲಿ ಅದ, ನಮಗೂ ಒಂದಿನ ತೋರಸ್ರಿ." ಅಡವಿ ಎಂದರೆ ಮರ ಎಂದುಕೊಂಡವರಿಗೆ ಹೇಗೆ ತೋರಿಸುವುದು? ನಮ್ಮದು ಹುಲ್ಲಿನ ಅಡವಿ. ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಒಂದು ಜಾಲಿ, ಕಣ್ಣು ಹಾಯುವ ತನಕ ಬಯಲು. ಅದರಲ್ಲಿ ಚಿಗರಿ, ತೋಳ, ನರಿ, ಚಳಿಗಾಲಕ್ಕೆ ಎಲ್ಲಿಂದಲೋ ಬರುವ ಗಿಡುಗಗಳು. ದನ ಮೇಯಲಿ ಎಂದು ಹಿಂದಿನವರು ಊರಿಗೊಂದರಂತೆ ಬಿಟ್ಟ ಗಾಯರಾಣಗಳೇ ಇವಕ್ಕೆಲ್ಲ ಮನೆ. ಕಚೇರಿಯ ಕಾಗದದಲ್ಲಿ ಮಾತ್ರ ಅದಕ್ಕೆ ಬರೆಯುತ್ತಿದ್ದುದು 'ಖಾಲಿ ಜಾಗ' ಎಂದು. ಆ ಎರಡು ಪದ ಓದಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಉರಿಯುತ್ತಿತ್ತು ನಿಜ, ಆದರೆ ಬರೆದವರಲ್ಲಿ ನಾನೂ ಒಬ್ಬ. ಗಾಯರಾಣದಲ್ಲಿ ಯಾರಾದರೂ ಏನಾದರೂ ಕಟ್ಟಬೇಕೆಂದರೆ ನಮ್ಮ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕಿತ್ತು. ನಾವು ಸ್ಥಳಕ್ಕೆ ಹೋಗಿ ವನ್ಯಪ್ರಾಣಿಗಳು ಇವೆಯೇ, ಎಷ್ಟಿವೆ ಎಂದು ನೋಡಿ ವರದಿ ಕೊಡಬೇಕು. ನೌಕರಿಯ ಮೊದಲ ವರ್ಷಗಳಲ್ಲಿ ಜೇವರ್ಗಿ ಕಡೆಯ ಒಂದು ಗಾಯರಾಣಕ್ಕೆ ಸುಡುವ ಮಧ್ಯಾಹ್ನ ಹೋಗಿ, ಜೀಪಿನಿಂದ ಇಳಿಯದೆ, 'ಪ್ರಾಣಿಗಳು ಕಂಡುಬಂದಿಲ್ಲ' ಎಂದು ಬರೆದು ಬಂದಿದ್ದೆ. ಮಧ್ಯಾಹ್ನದ ಬಿಸಿಲಲ್ಲಿ ಯಾವ ಪ್ರಾಣಿ ನನ್ನ ಜೀಪಿಗೆ ಸಲಾಮು ಹೊಡೆಯಲು ಬಯಲಿಗೆ ಬರುತ್ತದೆ? ಅಲ್ಲಿ ಈಗ ಇಟ್ಟಿಗೆ ಭಟ್ಟಿಗಳಿವೆ. ಅಫಜಲಪುರ ಕಡೆ ಇನ್ನೊಂದು ಹಾಗೇ ಹೋಯಿತು. ಆ ಎರಡು ಸಹಿಗಳನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಸರಸಂಬಾದ ಗಾಯರಾಣ ನನ್ನ ಪಾಲಿಗೆ ಬರುವ ಹೊತ್ತಿಗೆ, ಇದನ್ನು ಮಾತ್ರ ಬಿಡುವುದಿಲ್ಲ ಎಂಬ ಹಟ ಹಿಡಿದಿದ್ದೆ.

ನನ್ನ ಜೊತೆ ಇದ್ದವನು ಕಿಣ್ಣಿ ಸುಲ್ತಾನ ಎಂಬ ಊರಿನ ಖಾಜಾಸಾಬ. ಇಲಾಖೆಯ ವಾಚರ್, ನನಗಿಂತ ಎರಡು ವರ್ಷ ದೊಡ್ಡವನು. ಎಣಿಸುವುದರಲ್ಲಿ ನನ್ನನ್ನು ಮೀರಿಸಿದ ಒಬ್ಬರು ಎಂದೆನಲ್ಲ — ಅವನೇ. ಅವನು ಬಾಯಲ್ಲಿ ಒಂದು ಎರಡು ಅನ್ನುತ್ತಿರಲಿಲ್ಲ. ಅಂಗಿಯ ಎಡ ಜೇಬಿನಲ್ಲಿ ಹುಣಸೆ ಬೀಜ ತುಂಬಿಕೊಂಡು ಬರುತ್ತಿದ್ದ. ಹಿಂಡಿನ ಮೇಲೆ ಕಣ್ಣು ನೆಟ್ಟು, ಒಂದು ಚಿಗರಿಗೆ ಒಂದು ಬೀಜದಂತೆ ಬಲ ಜೇಬಿಗೆ ಹಾಕುತ್ತಿದ್ದ. ನಾನು ಬೈನಾಕುಲರ್ ಹಿಡಿದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮುಗಿದ ಮೇಲೆ ಬಂಡೆಯ ಮೇಲೆ ಅವನ ಬೀಜ ಸುರುವಿ ನನ್ನ ಎಣಿಕೆಗೆ ತಾಳೆ ನೋಡುವುದು. ಎರಡೂ ಕೂಡಿದರೆ ಮಾತ್ರ ನೋಟ್‌ಬುಕ್ಕಿಗೆ. ಕೂಡದಿದ್ದರೆ ಮತ್ತೆ ಮೊದಲಿನಿಂದ. ಇಂಥ ಎಣಿಕೆ ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಇದಕ್ಕಿಂತ ಪ್ರಾಮಾಣಿಕ ಎಣಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹದಿನೈದು ದಿನಕ್ಕೊಮ್ಮೆ ನಾವಿಬ್ಬರೂ ಬೆಳಗಿನ ಹೊತ್ತು ಸರಸಂಬಾದ ಗಾಯರಾಣ ಸುತ್ತುತ್ತಿದ್ದೆವು. ನೋಟ್‌ಬುಕ್ಕಿನಲ್ಲಿ ಏಳಿತ್ತು, ಒಂಬತ್ತಿತ್ತು, ಹದಿನಾಲ್ಕಿತ್ತು. ಕೆಲವೊಮ್ಮೆ 'ಇಲ್ಲ' ಎಂದೂ ಇತ್ತು. ಚಿಗರಿಗಳು ಜೋಳದ ಹೊಲದಲ್ಲಿ, ತೊಗರಿ ಸಾಲಿನಲ್ಲಿ ಚದುರಿಹೋಗಿ ಹೊಟ್ಟೆ ತುಂಬಿಕೊಳ್ಳುತ್ತಿದ್ದವು. ಎಲ್ಲವೂ ಗಾಯರಾಣಕ್ಕೇ ಬಂದು ನಿಲ್ಲುವ ಕಾರಣ ಇರಲಿಲ್ಲ.

ಆಗ ಶಾಂತಾಬಾಯಿಯವರ ಅರ್ಜಿ ಬಂತು.

ಶಾಂತಾಬಾಯಿ ಸರಸಂಬಾದ ಹತ್ತು ಹೆಣ್ಣುಮಕ್ಕಳ ಸಂಘದ ಮುಖ್ಯಸ್ಥೆ. ಆ ಹತ್ತು ಮನೆಗಳಲ್ಲಿ ಬೀಸುಕಲ್ಲಿನಲ್ಲಿ ತೊಗರಿ ಒಡೆದು ಬೇಳೆ ಮಾಡುತ್ತಿದ್ದರು. ತೋಳು ಹರಿದುಹೋಗುವ ಕೆಲಸ ಅದು. ಒಂದು ಸಣ್ಣ ಬೇಳೆ ಗಿರಣಿಯ ಯಂತ್ರವನ್ನು ಸರಕಾರದ ಯೋಜನೆಯೊಂದರಲ್ಲಿ ಅವರ ಸಂಘಕ್ಕೆ ಮಂಜೂರು ಮಾಡಿಸಿಕೊಂಡಿದ್ದರು. ಇಡಲು ಜಾಗ ಬೇಕು. ಗಾಯರಾಣದ ರಸ್ತೆ ಅಂಚಿನಲ್ಲಿ ಎರಡು ಎಕರೆ ಕೊಡಲು ಪಂಚಾಯಿತಿ ಒಪ್ಪಿತ್ತು. ಜಾಗದ ಕಾಗದ ನಾ ತರ್ತೇನಿ ಎಂದು ಶಾಂತಾಬಾಯಿ ಉಳಿದ ಒಂಬತ್ತು ಮಂದಿಗೆ ಮಾತು ಕೊಟ್ಟಿದ್ದರು. ಬಾಕಿ ಇದ್ದದ್ದು ನನ್ನ ವರದಿಯೊಂದೇ.

ಆ ಹೆಣ್ಣುಮಕ್ಕಳ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಎರಡು ಎಕರೆಯಿಂದ ಚಿಗರಿಗೆ ಅಂಥ ಹಾನಿಯೂ ಇರಲಿಲ್ಲ. ಆದರೆ ಆ ಅರ್ಜಿಯ ಬೆನ್ನಿಗೇ ಇನ್ನೊಂದು ಬರಲಿದೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು: ಕಲ್ಲು ಪುಡಿ ಮಾಡುವ ಕ್ರಷರ್‌ಗೆ, ಅದೂ ಇಡೀ ಗಾಯರಾಣಕ್ಕೆ. ಮೊದಲನೆಯದಕ್ಕೆ 'ಪ್ರಾಣಿಗಳು ವಿರಳ' ಎಂದು ಬರೆದರೆ ಎರಡನೆಯದನ್ನು ತಡೆಯಲು ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ನನ್ನದೇ ವರದಿಯನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. ಏಳು, ಒಂಬತ್ತು, ಹದಿನಾಲ್ಕು, ಇಲ್ಲ — ಈ ಅಂಕಿಗಳನ್ನು ಇಟ್ಟುಕೊಂಡು ಯಾವ ಸಾಹೇಬನನ್ನು ಒಪ್ಪಿಸಲಿ?

ದಿನವನ್ನು ಹುಡುಕಿದ್ದು ಆಗ.

ನಮ್ಮ ಕಡೆಯವರಿಗೆ ಎಳ್ಳ ಅಮಾವಾಸ್ಯೆಯ ಬಗ್ಗೆ ಹೇಳಬೇಕಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಗಾಡಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಏರಿಕೊಂಡು, ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಎಲ್ಲರೂ ಹೋಗುತ್ತಾರೆ. ಹೊಲ ಇದ್ದವರು ಇಲ್ಲದವರನ್ನು ಕರೆಯುತ್ತಾರೆ, ಜಾತಿ ಧರ್ಮ ಕೇಳುವುದಿಲ್ಲ. ಬೆಳೆಗೆ ಪೂಜೆ ಮಾಡಿ, ಸಾಲುಸಾಲಿಗೂ ಕೂಗು ಹಾಕುತ್ತಾ ನೆಲಕ್ಕೆ ಎಡೆಯಾಗಿ ಅನ್ನದ ಚರಗ ಚೆಲ್ಲಿ, ಉಂಡು, ಪಟ ಹಾರಿಸಿ, ಹೊತ್ತು ಇಳಿದ ಮೇಲೆ ಮನೆಗೆ ಬರುತ್ತಾರೆ. ಆ ದಿನ ಜನರಿಲ್ಲದ ಹೊಲ ಇರುವುದಿಲ್ಲ. ಬೆಳೆಯೂ ಇಲ್ಲದ ಗುಡಿಯೂ ಇಲ್ಲದ ಗಾಯರಾಣಕ್ಕೆ ಮಾತ್ರ ಯಾರೂ ಕಾಲಿಡುವುದಿಲ್ಲ.

ಹಾಗಾದರೆ ಹೊಲಗಳಲ್ಲಿದ್ದ ಚಿಗರಿಗಳು ಎಲ್ಲಿಗೆ ಹೋಗಬೇಕು?

ನಾನು ಸ್ಥಳ ಪರಿಶೀಲನೆಯ ದಿನಾಂಕ ಗೊತ್ತು ಮಾಡಿದಾಗ ಖಾಜಾಸಾಬ ಕೈಬೆರಳ ಮೇಲೆ ಏನೋ ಲೆಕ್ಕ ಹಾಕಿ ನನ್ನ ಮುಖ ನೋಡಿದ. ಆ ದಿನ ಅವನನ್ನು ಊಟಕ್ಕೆ ಕರೆದ ಹೊಲಗಳು ಮೂರಿದ್ದವು. ಬಿಟ್ಟು ಬಂದ. ಗಾಯರಾಣದ ನಡುವಿನ ಬಂಡೆಯ ಮರೆಗೆ ನಾವು ಕುಳಿತೆವು. ಹೊತ್ತು ಏರುತ್ತಿದ್ದಂತೆ ನಾಲ್ಕೂ ದಿಕ್ಕಿನ ಹೊಲಗಳಿಂದ ಕೂಗು ಕೇಳತೊಡಗಿತು. ಒಂದೊಂದು ಕೂಗಿಗೆ ಒಂದೊಂದು ಹಿಂಡು ಬದು ಹಾರಿ ಒಳಗೆ ಬಂತು. ಕಪ್ಪು ಬೆನ್ನಿನ ಗಂಡುಗಳು, ಮರಿಗಳನ್ನು ನಡುವೆ ಹಾಕಿಕೊಂಡ ಹೆಣ್ಣುಗಳು. ಬಂದು, ನಿಂತು, ಕಿವಿ ನಿಮಿರಿಸಿ ಹೊಲಗಳ ಕಡೆ ನೋಡಿ, ಆಮೇಲೆ ತಲೆ ತಗ್ಗಿಸಿ ಮೇಯತೊಡಗಿದವು. ನನ್ನ ಜೀವಮಾನದಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು — ಬೈನಾಕುಲರ್ ಎರಡು ಸಲ ಒರೆಸಿಕೊಂಡೆ. ಎಷ್ಟು ಹೆಮ್ಮೆಪಟ್ಟೆ ಎಂದರೆ, ಅವನ್ನೆಲ್ಲ ನಾನೇ ಸಾಕಿದ್ದೇನೋ ಎಂಬಷ್ಟು.

ಖಾಜಾಸಾಬನ ಬೀಜ ನೂರಾ ಹದಿನಾರು. ನನ್ನ ಎಣಿಕೆಯೂ ನೂರಾ ಹದಿನಾರು.

ಅವನು ಬೀಜಗಳನ್ನು ಜೇಬಿಗೆ ತುಂಬಿಕೊಳ್ಳದೆ ಹಾಗೇ ಕುಳಿತಿದ್ದ. ಆಮೇಲೆ ಮೆಲ್ಲಗೆ ಅಂದ: "ಸಾಹೇಬ್ರ, ಲೆಕ್ಕ ಬರೊಬ್ಬರಿ ಅದರಿ. ಆದ್ರ ಇವತ್ತ ಅಮಾಸಿ ಅದ. ಅದನ್ನೂ ಬರೀರಿ."

"ದಿನಾಂಕ ಬರೀತೇನಿ. ಅಷ್ಟ ಸಾಕು," ಅಂದೆ.

"ದಿನಾಂಕ ನೋಡಿದ್ರ ಬೆಂಗಳೂರಾಗ ಕುಂತವ್ರಿಗೆ ಏನ್ ತಿಳೀತದರಿ?"

"ತಿಳೀಬಾರ್ದಂತಾನ ಬರ್ಯಾಕತ್ತೇನಿ," ಅಂದೆ.

ಅವನು ಬೀಜ ಬಾಚಿ ಜೇಬಿಗೆ ಹಾಕಿಕೊಂಡು ಎದ್ದ. ನಾಲ್ಕು ವರ್ಷದ ಕೆಳಗೆ ತೀರಿಕೊಂಡ. ಅಲ್ಲಿಯವರೆಗೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅವನ ಮೌನವನ್ನು ನಾನು ನಿಷ್ಠೆ ಎಂದುಕೊಂಡು ಸಮಾಧಾನಪಟ್ಟಿದ್ದೆ. ಅದು ನನ್ನ ಮೇಲಿನ ಬೇಸರ ಇರಬಹುದೆಂದು ಈಗ ಅನಿಸುತ್ತದೆ. ಕೇಳೋಣವೆಂದರೆ ಅವನಿಲ್ಲ.

ವರದಿಯಲ್ಲಿ ಆ ಒಂದು ದಿನದ ಎಣಿಕೆ ಮಾತ್ರ ಹೋಯಿತು. ಹದಿನೈದು ದಿನಕ್ಕೊಮ್ಮೆ ಬರೆದ ನೋಟ್‌ಬುಕ್ ನನ್ನ ಮನೆಯ ಟ್ರಂಕು ಸೇರಿತು. ನಾನು ಬರೆದ ಒಂದು ಅಕ್ಷರವೂ ಸುಳ್ಳಲ್ಲ. ಇಡೀ ವರದಿ ಸುಳ್ಳು.

ಅರ್ಜಿಯ ಬಗ್ಗೆ ಅಹವಾಲು ಕೇಳುವ ಸಭೆ ಸರಸಂಬಾದ ಪಂಚಾಯಿತಿ ಕಟ್ಟೆಯ ಮೇಲೆ ನಡೆಯಿತು. ದಿನಾಂಕದ ಸಾಲು ಬಿಟ್ಟು ನಾನು ವರದಿ ಓದಿದೆ. ನೂರಾ ಹದಿನಾರು ಎಂದಾಗ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಂತಾಬಾಯಿ ಸೆರಗು ಸರಿಮಾಡಿಕೊಂಡು ಎದ್ದರು.

"ಸಾಹೇಬ್ರ, ನಾ ದಿನಾ ಆ ಹಾದಿ ಹಿಡದ ಹೊಲಕ್ಕ ಹೋಗ್ತೇನಿ, ಬರ್ತೇನಿ. ಹತ್ತು ಕಂಡಾವ, ಹನ್ನೆರಡು ಕಂಡಾವ. ಇಷ್ಟ ಚಿಗರಿ ನಾ ಒಮ್ಮಿನೂ ಕಂಡಿಲ್ಲರಿ. ಯಾವತ್ತ ಎಣಿಸೀರಿ?"

ಅವರು ಹೇಳಿದ ಅಂಕಿ ನನ್ನ ಟ್ರಂಕಿನಲ್ಲಿದ್ದ ನೋಟ್‌ಬುಕ್ಕಿನ ಅಂಕಿಗಳಂಥದ್ದೇ. ಹತ್ತು, ಹನ್ನೆರಡು. ಬೈನಾಕುಲರ್ ಇಲ್ಲದೆ, ಬೀಜ ಇಲ್ಲದೆ, ತಲೆಯ ಮೇಲೆ ಬುತ್ತಿ ಹೊತ್ತುಕೊಂಡು ನಡೆಯುತ್ತಾ ಅವರು ನನ್ನಷ್ಟೇ ಸರಿಯಾಗಿ ನೋಡಿದ್ದರು. ನಾನು ಹೆದರಿದೆ. ಹೆದರಿದವನ ಬಾಯಿಂದ ಬರುವ ಮಾತೇ ಬಂತು.

"ಏನವಾ, ನಿನ್ನ ಕಣ್ಣು ದೊಡ್ಡವೋ ಸರಕಾರದ ಬೈನಾಕುಲರ್ ದೊಡ್ಡದೋ? ಬುತ್ತಿ ಬಿಟ್ಟು ಬ್ಯಾರೆ ಏನರೆ ಕಂಡೀಯೇನ್ ನೀ ಹಾದಿಮ್ಯಾಲೆ?"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಸಾಹೇಬರು ಚೇಷ್ಟೆ ಮಾಡಿದರೆ ನಗುವುದು ವಾಡಿಕೆ. ಶಾಂತಾಬಾಯಿ ನಿಂತಲ್ಲಿಂದಲೇ ನನ್ನನ್ನು ನೋಡಿ, ಕುಳಿತುಬಿಟ್ಟರು. ಅರ್ಜಿ ತಿರಸ್ಕಾರವಾಯಿತು. ಅವಧಿಯೊಳಗೆ ಜಾಗ ಸಿಗಲಿಲ್ಲವೆಂದು ಯಂತ್ರ ಬೇರೆ ತಾಲ್ಲೂಕಿಗೆ ಹೋಯಿತು. ರಸ್ತೆಯ ಆಚೆ ಪಾಳುಬಿದ್ದ ಹತ್ತಿ ಗೋದಾಮಿನ ಸರಕಾರಿ ಜಾಗವಿತ್ತು, ಅದಕ್ಕೆ ನಮ್ಮ ಪತ್ರವೇ ಬೇಕಿರಲಿಲ್ಲ — ಇದು ನನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಮತ್ತೆ ಮಾತು ಬೆಳೆಯುತ್ತದೆ, ಎಣಿಕೆಯ ವಿಷಯ ಮತ್ತೆ ಏಳುತ್ತದೆ ಎಂದು ಸುಮ್ಮನಿದ್ದೆ.

ಊರಲ್ಲಿ ಅವರನ್ನು 'ಚಿಗರಿ ಕಾಣದ ಶಾಂತಾಬಾಯಿ' ಎಂದು ಕರೆಯುತ್ತಾರೆ ಎಂಬುದು ಕೆಲವು ತಿಂಗಳ ಮೇಲೆ ಗೊತ್ತಾಯಿತು. ನೂರು ಚಿಗರಿ ಕಣ್ಣ ಮುಂದೆ ಇದ್ದರೂ ಕಾಣದವಳು ನಮಗೆ ಗಿರಣಿ ಏನು ತರುತ್ತಾಳೆ ಎಂದು ಸಂಘದ ಹೆಂಗಸರೇ ಅಂದರಂತೆ. ಸಂಘ ಒಡೆಯಿತು. ಕೇಳಿದಾಗ ನನಗೆ ಚುಚ್ಚಿತು. ಚುಚ್ಚಿದ್ದನ್ನು ಒರೆಸಿಕೊಳ್ಳಲು ನನ್ನ ಬಳಿ ದೊಡ್ಡ ಬಟ್ಟೆಯೇ ಇತ್ತು: ಕ್ರಷರ್ ಅರ್ಜಿ ಬಂದು ನನ್ನ ನೂರಾ ಹದಿನಾರಕ್ಕೆ ತಗುಲಿ ಬಿದ್ದುಹೋಗಿತ್ತು. ತಾಲ್ಲೂಕಿನ ವನ್ಯಜೀವಿ ಆವಾಸಸ್ಥಾನ ಯೋಜನೆಯಲ್ಲಿ ಸರಸಂಬಾದ ಗಾಯರಾಣದ ಹೆಸರು ಸೇರಿತು. ನನಗೆ ಶಾಲು ಹೊದಿಸಿದರು, ಪ್ರಮಾಣಪತ್ರ ಕೊಟ್ಟರು. ಮಂದಿ 'ಚಿಗರಿ ಸಾಹೇಬ' ಎಂದು ಕರೆದರು. ಹೌದು, ಆ ಹೆಸರು ನನಗೆ ಇಷ್ಟವಾಗಿತ್ತು. ನಿವೃತ್ತಿಯ ಮೇಲೂ ಆ ರಸ್ತೆಯಲ್ಲಿ ಬಸ್ಸು ಹೋಗುವಾಗ ಕಿಟಕಿಯಿಂದ ಹುಲ್ಲು ನೋಡಿ, ಇದು ನನ್ನಿಂದ ಉಳಿದದ್ದು ಎಂದು ಎದೆ ಉಬ್ಬಿಸಿ ಕೂರುತ್ತಿದ್ದೆ. ಈಗಲೂ ಆ ಹುಲ್ಲು ನೋಡಿದರೆ ಹೆಮ್ಮೆಯೇ ಆಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಎರಡು ತಿಂಗಳ ಹಿಂದೆ ನನ್ನ ಹುದ್ದೆಯಲ್ಲಿ ಈಗಿರುವ ಅಧಿಕಾರಿ ಮನೆಗೆ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಚುರುಕು. ಆ ಗಾಯರಾಣದಲ್ಲಿ ಸೋಲಾರ್ ಫಲಕ ಹಾಕಲು ಒಂದು ಕಂಪನಿ ಅರ್ಜಿ ಹಾಕಿದೆ. ಕಂಪನಿಯವರು ತಜ್ಞರನ್ನು ಕರೆಸಿ ಎಣಿಸಿದ್ದಾರೆ. ಯಾವುದೋ ಸಾಮಾನ್ಯ ದಿನ. ಹನ್ನೆರಡು ಚಿಗರಿ.

"ಸರ್, ಅವ್ರು ನಿಮ್ಮ ಎಣಿಕೀನ ಮುಂದಿಟ್ಟಾರ," ಎಂದು ಅವರು ಕಾಗದ ನನ್ನ ಕೈಗಿತ್ತರು. "ನೂರಾ ಹದಿನಾರು ಇದ್ದದ್ದು ಹನ್ನೆರಡಕ್ಕ ಇಳದದ, ಚಿಗರಿ ಈ ಜಾಗ ಬಿಟ್ಟು ಹೋಗ್ಯಾವ, ಇನ್ನ ಇದನ್ನ ಕಾಯೂದ್ರಾಗ ಅರ್ಥ ಇಲ್ಲ ಅಂತ ಬರದಾರ. ನನಗೂ ತಿಳೀವಲ್ದು ಸರ್. ಇಷ್ಟ ವರ್ಷದಾಗ ಏನಾತು ಅಂತೀರಿ?"

ಏನೂ ಆಗಿರಲಿಲ್ಲ. ಸಾಮಾನ್ಯ ದಿನ ಅವತ್ತೂ ಹತ್ತು-ಹನ್ನೆರಡು, ಇವತ್ತೂ ಹನ್ನೆರಡು. ಹುಲ್ಲು ಅದೇ, ಚಿಗರಿ ಅವೇ. ನಾನು ಗಾಯರಾಣ ಉಳಿಸಲು ಬರೆದ ಅಂಕಿಯೇ ಈಗ ಅದನ್ನು ಕೊಲ್ಲಲು ಬಂದು ನಿಂತಿತ್ತು. ಅಲ್ಲೇ ಹೇಳಬೇಕಿತ್ತು. ಚಹಾ ಕುಡೀರಿ ಅಂದೆ. ಅವರು ಗೋಡೆಯ ಮೇಲಿನ ನನ್ನ ಪ್ರಮಾಣಪತ್ರ ನೋಡಿ, "ನಿಮ್ಮಂಥವ್ರ ಕಡಿಂದ ಕಲೀಬೇಕು ಸರ್," ಎಂದು ಕೈ ಮುಗಿದು ಹೋದರು.

ಆಕ್ಷೇಪಣೆ ಸಲ್ಲಿಸಲು ಉಳಿದಿದ್ದ ದಿನಗಳು ಕಡಿಮೆ. ಟ್ರಂಕಿನಿಂದ ನೋಟ್‌ಬುಕ್ ತೆಗೆದೆ. ಮೂರು ದಿನ ಅದನ್ನು ಮೇಜಿನ ಮೇಲಿಟ್ಟುಕೊಂಡು ಏನೂ ಮಾಡಲಿಲ್ಲ. ನಾಲ್ಕನೆಯ ದಿನ ಅದನ್ನು ಚೀಲಕ್ಕೆ ಹಾಕಿಕೊಂಡು ಸರಸಂಬಾದ ಬಸ್ಸು ಹತ್ತಿದೆ. ಕಚೇರಿಗೆ ಹೋಗುವ ಮೊದಲು ಶಾಂತಾಬಾಯಿಯವರ ಮನೆಗೆ ಹೋಗಬೇಕು ಎಂಬಷ್ಟು ಮಾತ್ರ ಸ್ಪಷ್ಟವಿತ್ತು.

ಶಾಂತಾಬಾಯಿ ಪಡಸಾಲೆಯಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ತೊಗರಿ ಒಡೆಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ, "ಬರ್ರಿ ಸಾಹೇಬ್ರ, ಕೂಡ್ರಿ," ಎಂದು ಚಾಪೆ ಹಾಸಿದರು, ನೀರು ಕೊಟ್ಟರು. ನಾನು ಎಲ್ಲ ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ, ಕಲ್ಲನ್ನೇ ನೋಡುತ್ತಿದ್ದೆ. ಅದು ನಿಲ್ಲಲಿಲ್ಲ, ತಿರುಗುತ್ತಲೇ ಇತ್ತು.

"ಗೊತ್ತದರಿ," ಅಂದರು.

ನಾನು ತಲೆ ಎತ್ತಿ ಅವರನ್ನು ನೋಡಿದೆ.

"ಮರುವರ್ಷ ಅಮಾಸಿ ದಿನ ಹೊಲದಾಗ ಚರಗ ಚೆಲ್ಲಾಕತ್ತಿದ್ದೆ. ಕೂಗು ಹಾಕಿದ ಕೂಡ್ಲೇ ಜ್ವಾಳದಾಗಿಂದ ನಾಕು ಚಿಗರಿ ಎದ್ದು ಗಾಯರಾಣದ ಕಡೆ ಓಡಿದ್ವು. ಬೆನ್ನ ಹತ್ತಿ ಹೋಗಿ ಬದುವಿನ ಮ್ಯಾಲೆ ನಿಂತು ನೋಡಿದೆ. ಅಬ್ಬಾ, ಎಷ್ಟರಿ! ಆವಾಗ ತಿಳೀತು, ನಿಮ್ಮ ಲೆಕ್ಕ ಖರೇ, ನನ್ನ ಕಣ್ಣೂ ಖರೇ. ಅವತ್ತಿಂದ ಪ್ರತಿ ಅಮಾಸಿಗೂ ಒಂದ ಮುಷ್ಟಿ ಚರಗ ಆ ಬದುವಿನ ಮ್ಯಾಲಿಂದ ಒಳಗ ಚೆಲ್ಲಿ ಬರ್ತೇನಿ. ಅವೂ ನಮ್ಮ ಹೊಲದಾಗಿನವೇ ಅಲ್ಲೇನ್ರಿ?"

"ಯಾರ ಮುಂದೂ ಯಾಕ ಹೇಳಲಿಲ್ರಿ?"

"ಯಾರ ಮುಂದ ಹೇಳ್ಲಿ? ಎಲ್ಲಾರೂ ನಕ್ಕಿದ್ರಲ್ಲ." ಕಲ್ಲು ನಿಲ್ಲಿಸಿ ನನ್ನ ಕಡೆ ತಿರುಗಿದರು. ದನಿ ಗಟ್ಟಿಯಾಯಿತು. "ಆದ್ರ ಒಂದ ಮಾತ ನನಗ ತಿಳೀವಲ್ದು. ಮುಚ್ಚಿಟ್ರಿ ಯಾಕ? ಊರೆಲ್ಲಾ ಹೊಲದಾಗ ಇದ್ದ ದಿನ ಅವಕ್ಕ ಬ್ಯಾರೆ ಜಾಗ ಎಲ್ಲಿ ಅದ? ಮುನ್ನೂರ ಅರವತ್ತ ದಿನ ಖಾಲಿ ಕಂಡ್ರೂ ಆ ಒಂದ ದಿನಕ್ಕ ಆ ಗಾಯರಾಣ ಬೇಕು. ಸುಗ್ಗಿ ದಿನಕ್ಕ ಬೇಕು, ನಾಯಿ ಬೆನ್ನ ಹತ್ತಿದ ದಿನಕ್ಕ ಬೇಕು. ಅದನ್ನ ನೀವು ಬರದಿಟ್ಟಿದ್ರ ಯಾ ಕ್ರಷರಿನವ ಏನ್ ಅಂತಿದ್ದ? ಅಷ್ಟ ದೊಡ್ಡ ಮಾತು ನಿಮ್ಮ ಕೈಯಾಗ ಇತ್ತು. ಅದನ್ನ ಬಿಟ್ಟು ಅಂಕಿ ಬರದ್ರಿ."

ಮೂವತ್ತೆರಡು ವರ್ಷದ ನೌಕರಿ, ಎಷ್ಟೋ ತರಬೇತಿ, ಎಷ್ಟೋ ಕಮ್ಮಟ — ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಆಶ್ರಯ ಎಂದರೇನು ಎಂದು ಆ ತಾಯಿ ಹೇಳಿದಷ್ಟು ಸರಿಯಾಗಿ ನಮ್ಮ ಯೋಜನೆಯ ಯಾವ ಪುಟದಲ್ಲೂ ಇಲ್ಲ. ಬಂಡೆಯ ಮರೆಯಲ್ಲಿ ಕುಳಿತು ಅದನ್ನು ಕಣ್ಣಾರೆ ಕಂಡವನು ನಾನು. ಕಂಡದ್ದನ್ನೇ ಮುಚ್ಚಿಟ್ಟೆ. ನಿಜವೇ ಸಾಕಿತ್ತು, ನಾನು ನಂಬಲಿಲ್ಲ. ಅದಕ್ಕಾಗಿ ಒಬ್ಬರ ಮಾತಿನ ಬೆಲೆ ತೆಗೆದೆ.

ಮಾಫಿ ಮಾಡ್ರಿ ಎಂದು ಕೈ ಮುಗಿದೆ. ಅವರು ಕೈಯಾಡಿಸಿಬಿಟ್ಟರು.

"ಮಾಫಿ ಗೀಫಿ ಬ್ಯಾಡರಿ. ನಾ ಮಾಫಿ ಕೇಳಿದ್ನೇನ್? ನಾ ಒಂದ ಪ್ರಶ್ನಿ ಕೇಳಿದ್ದೆ. ಅದಕ್ಕ ಜವಾಬ ಕೊಡ್ರಿ. ಇಲ್ಲಿ ಅಲ್ಲ, ಇಲ್ಲಿ ಯಾರ ಕೇಳ್ತಾರ? ಕೇಳಿದಲ್ಲೇ ಕೊಡ್ರಿ."

ಅಲ್ಲಿಂದ ನೇರವಾಗಿ ಕಚೇರಿಗೆ ಹೋದೆ. ನೋಟ್‌ಬುಕ್ಕನ್ನೂ ಅಲ್ಲೇ ಕುಳಿತು ಬರೆದ ಎರಡು ಪುಟದ ಹೇಳಿಕೆಯನ್ನೂ ಆ ಅಧಿಕಾರಿಯ ಕೈಗೆ ಕೊಟ್ಟೆ. ಅವರು ಓದುತ್ತಾ ಹೋದಂತೆ ಮುಖ ಬಿಗಿಯಾಯಿತು. ಕೊನೆಗೆ, ಇನ್ನು ಮುಂದೆ ಎಲ್ಲ ಋತುಗಳಲ್ಲೂ ಎಣಿಸುತ್ತೇವೆ, ಅಮಾವಾಸ್ಯೆಯ ದಿನವೂ ಎಣಿಸುತ್ತೇವೆ, ಯಾವುದು ಯಾವ ದಿನವೆಂದು ಬರೆಯುತ್ತೇವೆ ಎಂದಷ್ಟೇ ಅಂದರು. ನಾನು ಹೊರಡುವಾಗ ಅವರು ಕೈ ಮುಗಿಯಲಿಲ್ಲ. ಅದು ಸರಿಯೇ. ಸೋಲಾರ್ ಅರ್ಜಿಯ ತೀರ್ಮಾನ ಇನ್ನೂ ಆಗಿಲ್ಲ. ನನ್ನ ಮೇಲೆ ಇಲಾಖೆ ಕ್ರಮ ತೆಗೆದುಕೊಂಡರೆ ತೆಗೆದುಕೊಳ್ಳಲಿ. ಹೇಳಿಕೆಯಲ್ಲಿ ಆಶ್ರಯದ ಮಾತು ಬರುವಲ್ಲಿ, ಇದು ಸರಸಂಬಾದ ಶಾಂತಾಬಾಯಿಯವರು ಕಂಡು ಹೇಳಿದ್ದು ಎಂದು ಬರೆದಿದ್ದೇನೆ. ನಾನು ಬರೆದ ಅಷ್ಟೂ ವರದಿಗಳಲ್ಲಿ ಹೆಮ್ಮೆಯಿಂದ ಎತ್ತಿ ತೋರಿಸಬಹುದಾದ ಸಾಲು ಅದೊಂದೇ.

ಸೋಲಾರ್ ಅರ್ಜಿಯ ಬಗ್ಗೆ ಅಹವಾಲು ಕೇಳುವ ಗ್ರಾಮಸಭೆ ಹೋದ ಸೋಮವಾರ ನಡೆಯಿತು. ಅದೇ ಪಂಚಾಯಿತಿ ಕಟ್ಟೆ. ಅವತ್ತು ನಕ್ಕವರಲ್ಲಿ ಹಲವರು ಮುದುಕರಾಗಿದ್ದಾರೆ, ಕೆಲವರಿಲ್ಲ. ಸಂಘದ ಹಳೆಯ ಹೆಣ್ಣುಮಕ್ಕಳೂ ಬಂದಿದ್ದರು. ನನ್ನ ಹೆಸರು ಕರೆದರು. ಕಾಗದ ಬಿಚ್ಚುತ್ತಿದ್ದೆ, ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಶಾಂತಾಬಾಯಿ ಸೆರಗು ಸರಿಮಾಡಿಕೊಂಡು ಎದ್ದರು.

"ಸಾಹೇಬ್ರ, ಕಾಗದ ಆಮ್ಯಾಲೆ ಓದ್ರಿ. ಮೊದಲ ನಾ ಕೇಳಿದ್ದಕ್ಕ ಹೇಳ್ರಿ. ನೂರಾ ಹದಿನಾರು ಚಿಗರಿ — ಯಾವತ್ತ ಎಣಿಸೀರಿ?"

"ಎಳ್ಳ ಅಮಾಸಿ ದಿನ ಎಣಿಸೇನ್ರಿ, ಶಾಂತಾಬಾಯಿಯವ್ರ," ಅಂದೆ. ಹಿಂದಿನ ಸಾಲಿಗೂ ಕೇಳುವಂತೆ ಅಂದೆ. "ಉಳದ ದಿನ ನೀವು ಕಂಡಷ್ಟೇ ಇದ್ವು. ನೀವು ಅವತ್ತ ಹೇಳಿದ್ದು ಖರೇ ಇತ್ತು. ನನಗ ಗೊತ್ತಿತ್ತು."

ಯಾರೂ ನಗಲಿಲ್ಲ. ಶಾಂತಾಬಾಯಿ ಸುತ್ತಲಿನವರ ಮುಖಗಳನ್ನು ಒಂದೊಂದಾಗಿ ನೋಡಿದರು, ನಿಧಾನವಾಗಿ, ಎಣಿಸುವವರ ಹಾಗೆ.

"ಹಂಗ ಹೇಳ್ರಿ," ಎಂದು ಕುಳಿತರು. "ಈಗ ಓದ್ರಿ ನಿಮ್ಮ ಕಾಗದ."